ತೂತು ಮಾತ್ರ ನಿನ್ನದು

ನಮ್ಮ ಬೀದಿಯ ಬಡಗಿ ಮಾಡಿದ ಮಡಚುವ ಕುರ್ಚಿಯಲ್ಲಿ ಕೂತವನೊಬ್ಬ ಸುಖಕ್ಕೆ ಮೈಮರೆತು ಹದಿನೆಂಟು ವರ್ಷ ಏಳಲೇ ಇಲ್ಲ. ಅವನ ಮದುವೆಯೂ ಅದರಲ್ಲೇ ಆಯಿತು. ನಂಬದಿದ್ದರೆ ಕುರ್ಚಿಯನ್ನೇ ಕೇಳಿ.

ಅಂಥ ಕುರ್ಚಿ ನೂರು ಬೇಕೆಂದು ವಾಚನಾಲಯದವರು ಕೇಳಿದ್ದರು. ಆರು ತಿಂಗಳಿಂದ ನೊಣ ಹೊಡೆಯುತ್ತಿದ್ದ ಬಡಗಿ, ಸಂಜೆ ಐದಕ್ಕೆ ಹೋಗಿ ‘ನಕ್ಷೆ ನನ್ನದೇ’ ಎಂದು ರುಜು ಹಾಕಿದರೆ ಕೆಲಸ ಅವನದು.

"ಒಂದೊಂದು ಗೆರೆಯೂ ನನ್ನ ತಲೆಯದ್ದು. ಸುಳ್ಳಾದ್ರೆ ಮೀಸೆ ಬೋಳಿಸ್ಕೋತೀನಿ!" ಎಂದು ಬೀದಿಗೆಲ್ಲ ಸಾರಿದ್ದ.

ರುಜು ಹಾಕಬೇಕಾದ ದಿನ ಬೆಳಿಗ್ಗೆ ಪಕ್ಕದ ಮನೆಯ ಬೈಂಡರ್, ರಟ್ಟು ಹಾಕಲು ಬಂದಿದ್ದ ಹಳೇ ಪುಸ್ತಕವೊಂದನ್ನು ಅವನ ಮೂಗಿಗೆ ಹಿಡಿದ.

"ಏನಣ್ಣ, ನಿನ್ನ ತಲೆ ಈ ಪುಸ್ತಕದೊಳಗೆ ಹೇಗೆ ಹೋಯ್ತು?"

ಅದೇ ಕುರ್ಚಿ, ಅದೇ ಅಳತೆ. ಬಡಗಿ ಕೆಲಸ ಕಲಿಯುವಾಗ ಇಂಥದೇ ಪುಸ್ತಕದ ಮೇಲೆ ತೆಳು ಕಾಗದ ಇಟ್ಟು ತೆಗೆದುಕೊಂಡ ನಕ್ಷೆ!

"ಕಾಪಿರೈಟ್ ಅಂತ ಒಂದಿದೆ. ಕೇಸ್ ಬಿದ್ರೆ ಉಳಿ, ಕರಗಸ ಎಲ್ಲಾ ಜಪ್ತಿ."

ಬಡಗಿ ಬಾಲ ಸುಟ್ಟ ಬೆಕ್ಕಾದ. ಮಾದರಿ ಕುರ್ಚಿಗೆ ಹೊದಿಕೆ ಮುಚ್ಚಿದ. ಹಾದು ಹೋದವರೆಲ್ಲ ಅದನ್ನೆತ್ತಿ, "ಯಾರಿಗೆ ಹುಷಾರಿಲ್ಲ?" ಎಂದರು. ತಡೆಯಲಾರದೆ ಕುರ್ಚಿಯನ್ನು ತಲೆಗೇರಿಸಿ, ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ವಕೀಲಮ್ಮನ ಮನೆಗೆ ಓಡಿದ. ತಿರುವು ತಿರುವಿಗೂ ಕುರ್ಚಿ ಬಿಚ್ಚಿಕೊಂಡು ಕೊಂಬಿನ ಹೋರಿಯಂತೆ ಜನರನ್ನು ತಿವಿಯಿತು.

ವಕೀಲಮ್ಮ ಪುಸ್ತಕ ತಿರುವಿದರು. "ನೋಡಪ್ಪಾ, ಇದನ್ನ ಬರೆದವರು ಸತ್ತು ನೂರು ವರ್ಷ ಆಗಿದೆ. ಹಕ್ಕಿನ ಅವಧಿ ಮುಗೀತು. ಈಗ ಇದು ಎಲ್ಲರ ಸ್ವತ್ತು, ಯಾರು ಬೇಕಾದ್ರೂ ಮಾಡಬಹುದು. ನೀನು ಹೊಸದಾಗಿ ಸೇರಿಸಿದ್ದಷ್ಟೇ ನಿನ್ನದು. ಈ ಒರಗು ಹಲಗೆ ನಡುವೆ ತೂತು ಯಾಕೆ? ಪುಸ್ತಕದಲ್ಲಿ ಇಲ್ಲವಲ್ಲ?"

"ಬೆನ್ನಿಗೆ ಗಾಳಿ ಆಡ್ಲಿ ಅಂತ, ಅಮ್ಮಾ."

ನಿಜಕ್ಕೂ ತೂತು ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ತನ್ನ ನಕ್ಷೆಯ ಹಾಳೆಯಲ್ಲಿ ಅಲ್ಲೊಂದು ಕಪ್ಪು ಚುಕ್ಕೆಯಿತ್ತು, ಕೊರೆದಿದ್ದ.

"ಹಾಗಾದ್ರೆ ತೂತು ಮಾತ್ರ ನಿನ್ನದು."

ಜೈಲಿಲ್ಲ, ಜಪ್ತಿಯಿಲ್ಲ! "ಎಲ್ಲರ ಸ್ವತ್ತು! ಯಾರು ಬೇಕಾದ್ರೂ ಮಾಡಬಹುದು!" ಎಂದು ಕೂಗುತ್ತ ಬೀದಿಯುದ್ದಕ್ಕೂ ಬಂದ. ಎದುರು ಅಂಗಡಿಯಲ್ಲಿ ಹಲಗೆ ನಯ ಮಾಡಲು ತೋಪಡಾ ಹೊಡೆಯುತ್ತಿದ್ದ ಅವನ ಷಡ್ಡಕನ, ಅವನೂ ಬಡಗಿಯೇ, ಕೈ ಗಕ್ಕನೆ ನಿಂತಿತು. ಬಡಗಿ ಅದನ್ನು ನೋಡಲಿಲ್ಲ. ಮುಖ ತೊಳೆದು, ಕ್ರಾಪು ತೆಗೆದು, ಐದಕ್ಕೆ ಸರಿಯಾಗಿ ವಾಚನಾಲಯ ಸೇರಿದ.

"ನಿಮ್ಮ ಷಡ್ಡಕರು ಈಗಷ್ಟೇ ಬಂದು ಹೋದ್ರು," ಎಂದರು ಕಾರ್ಯದರ್ಶಿ. "ಅದೇ ಕುರ್ಚಿ, ತೂತಿಲ್ಲದ್ದು, ಹತ್ತು ದಿನ ಮೊದಲೇ ಕೊಡ್ತಾರಂತೆ. ಕೆಲಸ ಅವರಿಗೇ ಕೊಟ್ವಿ."

"ಅವನು ಹೇಗೆ ಮಾಡ್ತಾನೆ ಸ್ವಾಮಿ?"

"ಯಾರು ಬೇಕಾದ್ರೂ ಮಾಡಬಹುದು ಅಂತ ನೀವೇ ಸಾರಿದ್ರಂತಲ್ಲ?"

"ತೂತಾದ್ರೂ ನನ್ನದು!"

"ಅದನ್ನ ನೀವೇ ಇಟ್ಕೊಳ್ಳಿ."

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ ನಕ್ಕಳು. "ಅಯ್ಯೋ, ಅವತ್ತು ನಾನು ಸಾಮಾನಿನ ಚೀಟಿ ಬರೀವಾಗ ನಿಮ್ಮ ಹಾಳೆ ಮೇಲೆ ಇಂಕು ಬಿತ್ತು ಕಣ್ರೀ. ಆ ತೂತೂ ನಂದೇ."

ಯಾಕೆ, ನನ್ನ ಬೋಳು ತುಟಿಯನ್ನೇ ನೋಡುತ್ತಿದ್ದೀರಿ? ಸರಿ, ಹದಿನೆಂಟು ವರ್ಷ ಅಂದದ್ದು ಸುಳ್ಳು. ಆ ಮನುಷ್ಯ ಕೂತದ್ದು ಅರ್ಧ ಗಂಟೆ, ಅದೂ ಬೆರಳು ತೂತಿನಲ್ಲಿ ಸಿಕ್ಕಿಕೊಂಡಿತ್ತು ಅಂತ. ಎಣ್ಣೆ ಹಚ್ಚಿ ಬಿಡಿಸಿದವನು ನಾನು. ಆ ಬಡಗಿಯೂ ನಾನೇ.