ಬಿಸಿಲು ನಿಷೇಧಿಸಿದ ಅಂಗಳ

ರೋಣದಲ್ಲಿ ಬಿಸಿಲಿಗೆ ಕೊರತೆಯಿಲ್ಲ ಎಂಬುದನ್ನು ಎಲ್ಲ ಇಲಾಖೆಗಳೂ ಒಪ್ಪಿವೆ. ಆ ಕಾರಣದಿಂದಲೇ ೨೦೦೮ರಲ್ಲಿ ಇಲ್ಲಿ ವಿಟಮಿನ್ ಡಿ ಕೊರತೆ ಹುಡುಕುವ ಪ್ರಯೋಗಾಲಯ ಮಂಜೂರಾಯಿತು. ನಾನು ಅಲ್ಲಿಯ ಗುಮಾಸ್ತ.

ಯಂತ್ರ ಚಾಲೂ ಮಾಡಲು ಒಂದೇ ದಿನ ನಲವತ್ತು ಜನರ ರಕ್ತ ಬೇಕಿತ್ತು. ವರದಿಯಿಲ್ಲದೆ ಗುಳಿಗೆ ಕೊಡುವಂತಿರಲಿಲ್ಲ.

ಯಾದಿಯ ಮೊದಲ ಹೆಸರು ಜಕ್ಕಲಿಯ ಬದರುನ್ನಿಸಾ ಅವರದು. ಇಪ್ಪತ್ತು ವರ್ಷ ಒಳಕೋಣೆಯಲ್ಲಿ ಕುಳಿತು ಕೌದಿ ಹೊಲಿದವರಿಗೆ ಈಗ ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ನಮಾಜನ್ನೂ ಕುಳಿತೇ ಮಾಡುತ್ತಿದ್ದರು. ಮತ್ತೆ ನಿಂತು ಮಾಡಬೇಕು, ಅದೊಂದೇ ಆಸೆ. ದಿನಾ ಬಸ್ಸಿಗೆ ಬಂದು ಹನ್ನೊಂದರಿಂದ ಎರಡರವರೆಗೆ ಅಂಗಳದ ಕಲ್ಲಿನ ಮೇಲೆ ಕಾಯುವರು. ಇವತ್ತೂ ನಲವತ್ತು ಕೂಡಲಿಲ್ಲ ಎಂದು ನಾನು ಹೇಳಿದ ಮೇಲೆ ಹೋಗುವರು.

ಎರಡು ತಿಂಗಳಿಗೆ ಅನಾಹುತವಾಯಿತು. ಅವರು ಗೋಡೆ ಹಿಡಿಯದೆ ಎದ್ದು ನಿಂತರು. ವಿಚಾರಣೆ ಮಾಡಲಾಗಿ, ಕಾಯುತ್ತಿದ್ದವರಲ್ಲಿ ಒಂಬತ್ತು ಮಂದಿ ಆಗಲೇ ಅನುಮತಿಯಿಲ್ಲದೆ ಗುಣವಾಗಿ ಮನೆ ಸೇರಿದ್ದು ಬಯಲಾಯಿತು. ನಲವತ್ತು ಕೂಡುವುದಾದರೂ ಹೇಗೆ?

ಅಧಿಕಾರಿ ಶ್ರೀಧರ ಅವರು ವಾರದೊಳಗೆ ಅಂಗಳಕ್ಕೆ ತಗಡು ಹೊದಿಸಿ, ಪ್ರಕಟಣೆ ಹಚ್ಚಿಸಿದರು: ‘ಪರೀಕ್ಷೆಗೆ ಮುನ್ನ ಯಾರೂ ಸೂರ್ಯನ ನೆರವು ಪಡೆಯತಕ್ಕದ್ದಲ್ಲ. ಪಡೆದಲ್ಲಿ ಸರದಿ ರದ್ದು.’

“ಸಾಹೇಬ್ರ, ಬಿಸಲಾಗ ಕುಂತು ನನಗ ಚಲೋ ಆಗೇತ್ರಿ,” ಎಂದರು ಬದರುನ್ನಿಸಾ.

“ಕಾಗದದಾಗ ನಿಮಗಿನ್ನೂ ರೋಗಾನ ಬಂದಿಲ್ಲ. ಬರಲಾರದ ರೋಗ ಹ್ಯಾಂಗ ಹೋಗತೈತ್ರಿ, ಅಮ್ಮಾರ? ನೆಳ್ಳಿಗೆ ಬರ್ರಿ,” ಎಂದರು ಶ್ರೀಧರ.

ಸರ್ಕಾರದ ಗುಳಿಗೆ ಬಿಸಿಲಿಗಿಂತ ಗಟ್ಟಿಯಿರಬೇಕೆಂದು ನಂಬಿ ಅವರು ನೆರಳಿಗೆ ಬಂದರು. ನನಗೆ ಸಂಕಟವಾಯಿತು. ಅದನ್ನು ಬರೆಯಲು ರಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ನೆರಳಿನ ಏರ್ಪಾಡಿನಿಂದ ನಾಲ್ಕೇ ತಿಂಗಳಲ್ಲಿ ನಲವತ್ತು ಜನ ಕೂಡಿದರು. ನಲವತ್ತೂ ಜನರಿಗೆ ಕೊರತೆ ಸಾಬೀತಾಯಿತು. ನೂರಕ್ಕೆ ನೂರು ಫಲಿತಾಂಶವೆಂದು ಶ್ರೀಧರ ಅವರಿಗೆ ಶಾಲು ಹೊದಿಸಿದರು. ಗುಳಿಗೆ ಮಾತ್ರ ದಾಸ್ತಾನಿನಲ್ಲಿರಲಿಲ್ಲ.

ಬದರುನ್ನಿಸಾ ಗೋಡೆ ಹಿಡಿದುಕೊಂಡು ವರದಿ ತಂದರು. ನಾನು ಓದಿ ಹೇಳಿದೆ: ‘ದಿನಾಲು ಹನ್ನೊಂದರಿಂದ ಎರಡರವರೆಗೆ ಬಿಸಿಲಿನಲ್ಲಿ ಕೂಡತಕ್ಕದ್ದು. ಮೂರು ತಿಂಗಳ ನಂತರ ಮರುಪರೀಕ್ಷೆ.’

“ಹಂಗಾರ ಈಗ ಬಿಸಲಿಗೆ ಹೋಗ್ಲೇನ್ರಿ?”

ಪ್ರಕಟಣೆ ಇನ್ನೂ ಗೋಡೆಯ ಮೇಲಿತ್ತು. “ಮರುಪರೀಕ್ಷಾನೂ ಪರೀಕ್ಷಾನ. ಪರೀಕ್ಷಾಕ್ಕ ಮೊದ್ಲ ಬಿಸಲಾಗ ಕುಂದ್ರಾಕ ಬರಂಗಿಲ್ರಿ,” ಎಂದೆ.

“ಅದೂ ಖರೇನ ಬಿಡ್ರಿ,” ಎಂದು ಅವರು ತಗಡಿನ ಕೆಳಗೆ ಹೋಗಿ ಕುಳಿತರು. ಉಳಿದವರು ಸರಿದು ಜಾಗ ಮಾಡಿಕೊಟ್ಟರು. ಹೊಸ ಯಾದಿಯಲ್ಲಿ ನಾನು ಅವರ ಹೆಸರನ್ನೇ ಮೊದಲು ಬರೆದೆ.