ಎರವಲು ಬೆರಳು

ನನಗೂ ನಮ್ಮ ಯಜಮಾನರ ದೊಡ್ಡಪ್ಪನಿಗೂ ಯಾವ ರಕ್ತಸಂಬಂಧವೂ ಇಲ್ಲ. ಆದರೆ ಸಕ್ಕರೆ ಡಾಕ್ಟರ ಕಂಪ್ಯೂಟರನ್ನು ಕೇಳಿದ್ದರೆ ಅದು ಬೇರೆಯೇ ಹೇಳುತ್ತಿತ್ತು: ಮೂರು ತಿಂಗಳು ಅವರ ಮೈಯಲ್ಲಿ ಹರಿದದ್ದು ನನ್ನ ರಕ್ತ!

ದೊಡ್ಡಮಾವ, ನಾನು ಅವರನ್ನು ಕರೆಯುವುದೇ ಹಾಗೆ, ಕೊಡ್ಲಿಪೇಟೆಯಲ್ಲಿ ಮೂವತ್ತು ವರ್ಷ ಬೆಲ್ಲದ ವ್ಯಾಪಾರ ಮಾಡಿದವರು. ಊರಿನ ತಪಾಸಣೆಯಲ್ಲಿ ಸಕ್ಕರೆ ಇನ್ನೂರ ಎಂಬತ್ತು ಎಂದಾಗ ಅವರ ವಾದ ಕೇಳಬೇಕಿತ್ತು.

"ನಾನು ಸಕ್ರೆ ಮುಟ್ದೋನೇ ಅಲ್ಲ, ಬೆಲ್ಲದೋನು. ಬೆಲ್ಲದ ಕಾಯ್ಲೆ ಅಂತ ಬರ್ಕೊಡಿ, ಒಪ್ಕತೀನಿ!"

ಡಾಕ್ಟರಿರುವುದು ಮಡಿಕೇರಿಯಲ್ಲಿ, ಹೋಗಿ ಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಅದಕ್ಕೇ ಮನೆಗೊಂದು ಪುಟ್ಟ ಮಿಷನ್ನು ಕೊಟ್ಟರು. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ಪಟ್ಟಿಗೆ ರಕ್ತ ತಾಗಿಸಿದರೆ ಸಾಕು, ಅಂಕಿ ಮೊಬೈಲಿಗೆ ಹಾರಿ, ಅಲ್ಲಿಂದ ಸೀದಾ ಡಾಕ್ಟರ ಮುಂದೆ! ಕಾನ್ವೆಂಟಿನಲ್ಲಿ ಓದಿದವಳೆಂದು ಮೊಬೈಲಿನ ಕೆಲಸ ನನ್ನ ಪಾಲಿಗೆ ಬಂತು.

ತೊಂದರೆಯಿದ್ದದ್ದು ಸೂಜಿಯಲ್ಲಿ. ತೋಟಕ್ಕೆ ನುಗ್ಗಿದ ಆನೆಗೆ "ಹೋಗಯ್ಯಾ ಅತ್ಲಾಗೆ" ಎಂದು ಬೈದ ಈ ಮನುಷ್ಯ ಸೂಜಿ ಕಂಡರೆ ಲಿಂಗಪೂಜೆಗೆ ಕೂತುಬಿಡುತ್ತಾರೆ. ಪೂಜೆಗೆ ಕೂತವರನ್ನು ಎಬ್ಬಿಸುವುದುಂಟೇ?

"ಮಗಾ, ನಿನ್ನ ಬೆರಳು ಒಸಿ ಕೊಡವ್ವ," ಎಂದರು ಒಂದು ಬೆಳಿಗ್ಗೆ.

"ನನ್ನದ್ಯಾಕೆ ಮಾವ?"

"ರಕ್ತದ ಮೇಲೆ ಹೆಸ್ರು ಬರ್ದಿರುತ್ತಾ? ನಂದೇ ಬೇಕು ಅಂತ ಆ ಮಿಷನ್ನೇನು ಹಟ ಹಿಡ್ದು ಕೂತಿದೆಯಾ?"

ಸುಳ್ಳು ಹೇಳಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನನ್ನ ಕೈಲಿ ನೂರು ಸಲ ಬರೆಸಿದ್ದರು. ಬೆರಳು ಹೇಳುವ ಸುಳ್ಳಿನ ಬಗ್ಗೆ ಮಾತ್ರ ಏನೂ ಹೇಳಿರಲಿಲ್ಲ. ಕೊಟ್ಟೆ.

ನೂರ ಹದಿನೆಂಟು! ಆಶಾ ಕಾರ್ಯಕರ್ತೆ ಓಡೋಡಿ ಬಂದಳು.

"ಯಜಮಾನ್ರೇ, ಏನ್ ಮಾಡಿದ್ರಿ? ಎಷ್ಟು ಇಳಿದಿದೆ!"

"ಅನ್ನ ಬಿಟ್ಟೆ, ರಾಗಿ ಹಿಡ್ದೆ," ಎಂದರು, ಹೋಳಿಗೆಯ ತುಪ್ಪ ಮೆತ್ತಿದ ಕೈಯನ್ನು ಪಂಚೆಗೆ ಒರೆಸುತ್ತಾ.

ಎರಡನೇ ತಿಂಗಳು ನೂರ ಮೂವತ್ತೊಂದು. ಮೂರನೇ ತಿಂಗಳು ನೂರ ನಲವತ್ತಾರು. ಏರಿದರೇನು? ಇನ್ನೂರ ಎಂಬತ್ತರ ಮುಂದೆ ಅವೆಲ್ಲ ಚಿನ್ನದಂಥ ಅಂಕಿಗಳೇ! ಮೊಬೈಲಿಗೆ ಚಪ್ಪಾಳೆ ತಟ್ಟುವ ಕೈಗಳ ಚಿತ್ರ ಬಂತು. ದೊಡ್ಡಮಾವ ಅದನ್ನು ಬೀದಿಗೆಲ್ಲ ತೋರಿಸಿದರು. ನಾಲ್ಕು ಜನ ಪಥ್ಯ ಕೇಳಲು ಬಂದರು. ಇವರು ಗಂಭೀರವಾಗಿ ಹೇಳಿಕೊಟ್ಟೂಬಿಟ್ಟರು!

ಕೊನೆಗೆ ಅಂಗನವಾಡಿಯಲ್ಲಿ ಅವರಿಗೆ ಶಾಲು ಹೊದಿಸುವುದೆಂದಾಯಿತು. ಗೋಡೆಯ ಪರದೆಯಲ್ಲಿ ಮಡಿಕೇರಿಯ ಡಾಕ್ಟರ ಮುಖ. ಎದುರಿಗೆ ಇಸ್ತ್ರಿ ಅಂಗಿಯ ದೊಡ್ಡಮಾವ, ಶಾಲಿಗೆ ಅನುಕೂಲವಾಗಲೆಂದು ಆಗಲೇ ಹೆಗಲು ಬಗ್ಗಿಸಿ ನಿಂತಿದ್ದರು.

"ಇವರ ವಯಸ್ಸಿಗೆ ನೂರ ನಲವತ್ತಾರು ಪರವಾಗಿಲ್ಲ," ಎಂದರು ಡಾಕ್ಟರು. "ಇದೇ ನಲವತ್ತರ ಆಸುಪಾಸಿನವರಲ್ಲಿ ಹೀಗೆ ತಿಂಗಳು ತಿಂಗಳು ಏರಿದ್ದರೆ ತಕ್ಷಣ ಕರೆಸಿಕೊಳ್ಳುತ್ತಿದ್ದೆ. ಅದು ಕಾಯಿಲೆ ಶುರುವಾದ ಲಕ್ಷಣ."

ಶಾಲು ಇನ್ನೇನು ಹೆಗಲು ಮುಟ್ಟಬೇಕು, ದೊಡ್ಡಮಾವ ಅದನ್ನು ಕೈಯಿಂದ ತಡೆದರು.

"ಡಾಕ್ಟ್ರೇ, ಅದು ನನ್ನ ರಕ್ತ ಅಲ್ಲ. ಮೂರು ತಿಂಗ್ಳೂ ಈ ಮಗೀದು. ನಂಗೆ ಸೂಜಿ ಅಂದ್ರೆ ಭಯ."

ಅಂಗನವಾಡಿ ಗೊಳ್ಳೆಂದಿತು. ನಾಚಿಕೆಗೆ ನಾನೂ ನಕ್ಕೆ.

"ಹಂಗಾರೆ ನೀವು ಹೇಳಿದ ಪಥ್ಯ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಅದೂ ಸುಳ್ಳೇ ಕಣಯ್ಯಾ, ಸುಮ್ನಿರು!"

ದೊಡ್ಡಮಾವ ಒಬ್ಬರೇ ನಗುತ್ತಿರಲಿಲ್ಲ.

"ಹಾಗಾದರೆ ನಿಮ್ಮ ಸಕ್ಕರೆ ಎಷ್ಟಿದೆಯೋ ಈಗ ನೋಡಬೇಕಲ್ಲ ಯಜಮಾನರೇ?" ಎಂದರು ಡಾಕ್ಟರು.

"ನಂದು ಆಮೇಲಾಗ್ಲಿ. ಮೊದ್ಲು ಇವಳನ್ನ ನೋಡಿ. ಇವಳಿಗಿನ್ನೂ ನಲವತ್ತೊಂದು."

ನನ್ನ ವಯಸ್ಸು ಅವರಿಗೆ ಗೊತ್ತಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನನ್ನನ್ನು ಪರದೆಯ ಮುಂದೆ ಕೂರಿಸಿ, ನನ್ನ ಕೈಚೀಲವನ್ನು ತಾವು ಇಸಿದುಕೊಂಡರು. ಡಾಕ್ಟರಿಗೆ ಉತ್ತರ ಹೇಳುತ್ತಾ ಒಮ್ಮೆ ತಿರುಗಿ ನೋಡಿದೆ. ಮಕ್ಕಳು ಕೂರುವ ಮೊಳದೆತ್ತರದ ಕುರ್ಚಿಯಲ್ಲಿ, ಮಂಡಿ ಗದ್ದಕ್ಕೆ ತಾಗುವಂತೆ ಮುದುಡಿ ಕೂತಿದ್ದರು ದೊಡ್ಡಮಾವ, ನನ್ನ ಗುಲಾಬಿ ಬಣ್ಣದ ಕೈಚೀಲವನ್ನು ಎರಡೂ ಕೈಗಳಿಂದ ಎದೆಗೊತ್ತಿಕೊಂಡು.