ಬಲಗಡೆಯಿಂದ ಎರಡನೇ ತಟ್ಟೆ

“ಸಮಾಜದ ಕಷ್ಟ ಏನೂಂತ ದೊಡ್ಡವರು ಬಂದು ನಮಗೆ ಹೇಳೋದಲ್ಲಮ್ಮಾ, ನಾವು ಹುಡುಗ್ರೇ ಹುಡುಕ್ಬೇಕು. ಅದಕ್ಕೇ ಕಾಲೇಜಲ್ಲಿ ನಮ್ಮ ಕೈಗೆ ಕ್ಯಾಮೆರಾ ಕೊಟ್ಟಿರೋದು. ನಮ್ಮ ತಂಡ ಆರಿಸ್ಕೊಂಡಿದ್ದು ಮನೆಗೆಲಸ. ಯಾರ ಕಣ್ಣಿಗೂ ಬೀಳದ ದುಡಿಮೆ. ನೀನು ಪಾತ್ರೆ ತೊಳೀತಿರೋ ಫೋಟೋನ ಆಳೆತ್ತರ ಮಾಡ್ಸಿ ಕಾಲೇಜಿನ ಪ್ರದರ್ಶನದಲ್ಲಿ ಬಾಗಿಲ ಪಕ್ಕದ ಗೋಡೆಗೇ ಹಾಕ್ತೀವಿ. ನೀನು ಬೇಡ ಅಂದ್ರೆ ನಾಳೆ ಆ ಗೋಡೆ ಖಾಲಿ, ಇಷ್ಟು ದಿನದ ಸಂಶೋಧನೆ ಮಣ್ಣುಪಾಲು. ನಿನಗೋಸ್ಕರ ಅಲ್ಲ, ನಿನ್ನಂಥ ಎಲ್ಲ ಹೆಂಗಸರಿಗೋಸ್ಕರ ಹೂಂ ಅನ್ನು.”

ಮಧ್ಯಾಹ್ನದ ಊಟ ಮುಗಿದಿತ್ತು. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಭಾಷಣ ಮಾಡುತ್ತಿದ್ದಳು. ಅಮ್ಮ ಸಿಂಕಿನ ಮುಂದೆ ನಿಂತು ತಳ ಹಿಡಿದ ಪಾತ್ರೆ ಉಜ್ಜುತ್ತಿದ್ದಳು.

ಅಮ್ಮ: ಯಾರ ಕಣ್ಣಿಗೂ ಬೀಳಲ್ಲ ಅಂತೀಯ. ನೀನು ದಿನಾ ನೋಡ್ತಾ ನಿಂತಿದ್ಯಲ್ಲ.

ಮಗಳು: ನೋಡೋದೇ ಸಂಶೋಧನೆ.

ಅಮ್ಮ: ಮೊನ್ನೆ ಬೆಳಕು ಸಾಲದು ಅಂತ, ತೊಳೆದು ಕವುಚಿದ್ದನ್ನೆಲ್ಲ ತಿರ್ಗಾ ಸಿಂಕಿಗೆ ಹಾಕಿಸ್ದೆ. ಅದೂ ಸಂಶೋಧನೆನಾ?

ಮಗಳು: ಸಹಜವಾಗಿ ಬರ್ಲಿ ಅಂತ.

ಅಮ್ಮ: ಸಹಜವಾಗಿ ಬಂದಿದ್ದು ಸೊಂಟನೋವು. ಮುಖದಲ್ಲಿ ಇನ್ನೊಂಚೂರು ಸುಸ್ತು ಬೇಕು ಅಂದ್ಯಲ್ಲ, ನಾನು ಎಲ್ಲಿಂದ ಸಾಲ ತರ್ಲಿ?

ಮುಂದಿನ ಕೋಣೆಯ ಕುರ್ಚಿಯಿಂದ ಅಪ್ಪನ ದನಿ ಬಂತು.

ಅಪ್ಪ: ಹೂಂ ಅನ್ನೇ ಪಾಪ. ಆ ಫೋಟೋ ನೋಡಿ ನನ್ನ ಕರುಳೇ ಚುರುಕ್ ಅಂತು. ಇಷ್ಟು ಕಷ್ಟ ಪಡ್ತೀಯಂತ ಗೊತ್ತೇ ಇರ್ಲಿಲ್ಲ.

ಅಮ್ಮ: ಗೊತ್ತಾದ್ಮೇಲೆ ಏನು ಕೇಳಿದ್ರಿ?

ಅಪ್ಪ: ಏನು ಕೇಳ್ದೆ?

ಅಮ್ಮ: ಟೀ.

ಅಪ್ಪ: ಮನಸ್ಸಿಗೆ ನೋವಾದ್ರೆ ಒಂದು ಲೋಟ ಟೀನೂ ಬೇಡ್ವಾ?

ಮಗಳು: ಅಪ್ಪಾ, ನೀವು ಸುಮ್ನಿರಿ. ನೀವೇ ಆ ಸಮಸ್ಯೆ.

ಅಪ್ಪ: ನಾನಾ? ನನ್ನದೊಂದು ಫೋಟೋನೂ ತೆಗೀಲಿಲ್ಲ ನೀನು.

ಮಗಳು: ಏನಾದ್ರೂ ಮಾಡ್ತಿದ್ರೆ ತಾನೇ ತೆಗೆಯೋದು.

ಅಮ್ಮ: ಸರಿಹೋಯ್ತು, ಅಪ್ಪನಿಗೆ ತಕ್ಕ ಮಗಳು. ಅವರು ಕೂತು ನೋಡ್ತಾರೆ, ನೀನು ನಿಂತು ನೋಡ್ತೀಯ. ಊರಿಗೆ ಉಪಕಾರಿ, ಮನೆಗೆ ಮಾರಿ.

ಮಗಳು: ಅಮ್ಮಾ, ಸಂಜೆಯೊಳಗೆ ಅಚ್ಚಿಗೆ ಕೊಡ್ಬೇಕು. ಫೋಟೋ ಕೆಳಗೆ ನಿನ್ನದೇ ಮಾತು ಹಾಕ್ತೀವಿ. ಯಾರ ಕಷ್ಟವೋ ಅವರದೇ ಬಾಯಿ, ಅದು ನಮ್ಮ ನಿಯಮ. ಒಂದಕ್ಷರ ತಿದ್ದಲ್ಲ.

ಅಮ್ಮ ನಲ್ಲಿ ನಿಲ್ಲಿಸಿದಳು.

ಅಮ್ಮ: ತಿದ್ದಲ್ವಾ?

ಮಗಳು: ನಿನ್ನಾಣೆ ತಿದ್ದಲ್ಲ.

ಅಮ್ಮ: ಹಾಗಾದ್ರೆ ಹೂಂ. ಬರ್ಕೋ.

ಮಗಳು ಫೋನು ತೆಗೆದಳು. ಖುಷಿಗೆ ಕಣ್ಣೂ ತೇವವಾಗಿತ್ತು.

ಅಮ್ಮ: ‘ಈ ಫೋಟೋ ತೆಗೆದವಳು ಉಂಡ ತಟ್ಟೆನೂ ಇದರಲ್ಲೇ ಇದೆ. ಬಲಗಡೆಯಿಂದ ಎರಡನೇದು.’

ಮಗಳ ಬೆರಳು ಅಲ್ಲೇ ನಿಂತಿತು.

ಮಗಳು: ಇದು ಬೇಡಮ್ಮಾ, ಎಲ್ಲರೂ ಓದ್ತಾರೆ. ‘ಹೆಣ್ಣಿನ ಬೆವರಿಗೆ ಬೆಲೆ ಎಲ್ಲಿ’ ಅಂತ ಏನಾದ್ರೂ ಹೇಳು.

ಅಮ್ಮ: ಅದು ನಿನ್ನ ಮಾತು. ಬೇಕಾಗಿರೋದು ನನ್ನ ಬಾಯೋ, ನಿನ್ನದೋ?

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಮ್ಮ: ಇನ್ನೊಂದು ಸಾಲು ಸೇರಿಸ್ಕೋ. ‘ಇದನ್ನ ಕೇಳಿ ನಕ್ಕವರ ಲೋಟ ಎಡಗಡೆ ಇದೆ.’

ನಗು ಅರ್ಧಕ್ಕೇ ನಿಂತಿತು.

ಮಗಳು: ನನ್ನ ತಟ್ಟೆ ಈಗಲೇ ನಾನೇ ತೊಳೆದುಬಿಡ್ತೀನಿ. ಆಗ ಆ ಮಾತು ಸುಳ್ಳಾಗುತ್ತಲ್ಲ.

ಅಮ್ಮ: ತೊಳಿ, ಬೇಡ ಅಂದೋರ್ಯಾರು. ಫೋಟೋದಲ್ಲಿರೋ ತಟ್ಟೆನ ಹೆಂಗೆ ತೊಳೀತೀಯ?

ಮಗಳಿಗೆ ಬೇರೆ ದಾರಿ ಇರಲಿಲ್ಲ. ಗೋಡೆ ಖಾಲಿ ಬಿಡುವಂತಿಲ್ಲ. ಎರಡೂ ಸಾಲು ಹೇಳಿದ ಹಾಗೇ ಬರೆದು ಕಳಿಸಿದಳು. ಆಮೇಲೆ ಅಂಗಿಯ ತೋಳು ಮಡಿಚಿ ಸಿಂಕಿನ ಮುಂದೆ ಬಂದು ನಿಂತಳು. ಅಪ್ಪನೂ ಎದ್ದು ಬಂದ. ಖಾಲಿಯಾದ ಕುರ್ಚಿಗೆ ಅಮ್ಮ ಹೋಗಿ ಕೂತಳು.

ಅಪ್ಪ: ನಾನು ಒರೆಸ್ತೀನಿ. ಒರೆಸೋ ಬಟ್ಟೆ ಎಲ್ಲಿಡ್ತೀಯೇ?

ಅಮ್ಮ: ಫೋಟೋದಲ್ಲಿ ನೋಡ್ಕೊಳ್ಳಿ.

ಅಪ್ಪ ಮಗಳ ಫೋನು ಹಿಡಿದು, ಫೋಟೋ ದೊಡ್ಡದು ಮಾಡಿ, ಬಟ್ಟೆ ಕಿಟಕಿಯ ಸರಳಿನ ಮೇಲಿದೆ ಎಂದು ಪತ್ತೆ ಮಾಡಿದ. ಮಗಳು ತೊಳೆದ ತಟ್ಟೆಯನ್ನು ಅವನ ಕೈಗೆ ಕೊಟ್ಟು ಮುಂದಿನದಕ್ಕೆ ಸೋಪು ಹಚ್ಚಿದಳು.